ಅಳಿಸಿದ ಅಕ್ಷರಗಳ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿಮ್ಮ ವಾಷಿಂಗ್ಟನ್‌ನಲ್ಲಿ ಆ ಹಳದಿ ಅಕ್ಷರಗಳನ್ನು ಕಿತ್ತು ಹಾಕಿದ್ದು ನಿನ್ನನ್ನು ಇನ್ನೂ ಕಾಡುತ್ತಿದೆ ಅಲ್ವಾ? ‘ಬರೆದು ಏನು ಬಂತಪ್ಪಾ?’ ಅಂತ ಕೇಳಿದೆ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ.

2020ರ ಜೂನ್‌ನಲ್ಲಿ ಶ್ವೇತಭವನದ ಹತ್ತಿರ, 16ನೇ ರಸ್ತೆಯ ತುಂಬಾ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’, ಅಂದರೆ ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಅಂತ, ಬರೆಸಿದ್ದು ಮೇಯರ್ ಮ್ಯೂರಿಯಲ್ ಬೌಸರ್. ಒಂದೊಂದು ಅಕ್ಷರವೂ 35 ಅಡಿ. ನಾನು ಬೋರ್ಡ್ ಬರೆದು ಬದುಕಿದವನು. ಅಷ್ಟು ದೊಡ್ಡ ಅಕ್ಷರದೊಳಗೆ ನಿಂತು ಬಳಿಯುವವನಿಗೆ ಕಾಲಕೆಳಗಿನ ಹಳದಿ ಬಿಟ್ಟು ಏನೂ ಕಾಣುವುದಿಲ್ಲ. ಅದನ್ನು ಮೇಲಿನಿಂದಲೇ ಓದಬೇಕು. ಮಾರನೇ ದಿನವೇ ಹೋರಾಟಗಾರರು ಪಕ್ಕದಲ್ಲಿ ‘ಡಿಫಂಡ್ ದ ಪೊಲೀಸ್’ ಅಂತ ಸೇರಿಸಿದರು. ಪೊಲೀಸರಿಗೆ ಸುರಿಯುವ ದುಡ್ಡು ಕಡಿಮೆ ಮಾಡಿ, ಬರೀ ಬಣ್ಣ ಸಾಲದು ಅನ್ನುವುದು ಅವರ ಮಾತು. ಅವರು ಸರಿಯಾಗಿಯೇ ಹೇಳಿದ್ದರು. ಆ ಸಾಲನ್ನು ಆಡಳಿತ ಉಳಿಸಲಿಲ್ಲ. 2025ರ ಮಾರ್ಚ್‌ನಲ್ಲಿ, ನಗರದ ಅನುದಾನ ನಿಲ್ಲಿಸುತ್ತೇವೆ ಅಂತ ಅಮೆರಿಕದ ಸಂಸತ್ತಿನಲ್ಲಿ ಬೆದರಿಕೆ ಬಂದಾಗ, ಉಳಿದದ್ದನ್ನೂ ಬರೆಸಿದವರೇ ತೆಗೆಸಿದರು.

ಮಿನಿಯಾಪೊಲಿಸ್‌ನ ಗೋಡೆ ಬೇರೆ ಥರ. ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕತ್ತಿನ ಮೇಲೆ ಪೊಲೀಸ್ ಮಂಡಿಯೂರಿ ಕೊಂದ ಜಾಗದಲ್ಲೇ, ಕೆಲವೇ ದಿನಗಳಲ್ಲಿ, ಕಲಾವಿದರು ಅಂಗಡಿಯ ಪಕ್ಕದ ಗೋಡೆಗೆ ಅವರ ಮುಖ ಬರೆದರು. ತಲೆಯ ಹಿಂದೆ ದೊಡ್ಡ ಸೂರ್ಯಕಾಂತಿ. ಹೂವಿನ ನಡುವೆ, ಬೀಜ ಇರುವ ಕಡೆ, ಪೊಲೀಸರ ಕೈಯಲ್ಲಿ ಸತ್ತ ಇತರ ಕಪ್ಪು ಜನರ ಹೆಸರುಗಳು. ಅಲ್ಲಿ ಜನ ಹೂವಿಟ್ಟರು, ಅತ್ತರು, ಸಭೆ ಸೇರಿದರು.

ಇದಕ್ಕೂ ಮೊದಲೇ, 1967ರಲ್ಲಿ, ಷಿಕಾಗೋದ ದಕ್ಷಿಣ ಭಾಗದಲ್ಲಿ ‘ವಾಲ್ ಆಫ್ ರೆಸ್ಪೆಕ್ಟ್’, ಅಂದರೆ ಗೌರವದ ಗೋಡೆ, ಎದ್ದಿತ್ತು. ಹಳೇ ಕಟ್ಟಡವೊಂದರ ಗೋಡೆಯ ಮೇಲೆ ಬಾಕ್ಸರ್ ಮುಹಮ್ಮದ್ ಅಲಿ, ಹೋರಾಟಗಾರ ಮಾಲ್ಕಮ್ ಎಕ್ಸ್, ಹಾಡುಗಾರ್ತಿ ನೀನಾ ಸಿಮೋನ್ ಅವರ ಮುಖಗಳು. ಅದು ಸರ್ಕಾರ ಬರೆಸಿದ್ದಲ್ಲ. ಕಲಾವಿದರು ಮಾತಾಡಿದ್ದು ಆ ಬೀದಿಯವರ ಜೊತೆ. ಕೆಡವುವ ಮಾತು ಬಂದಾಗ ಅಡ್ಡ ನಿಂತದ್ದೂ ಅವರೇ. 1971ರಲ್ಲಿ ಬೆಂಕಿ ಬಿದ್ದು ಆ ಕಟ್ಟಡವೇ ಹೋಯಿತು. ಆದರೆ ಅಷ್ಟರಲ್ಲಿ ಆ ಗೋಡೆ ಬರೆದವರಲ್ಲಿ ಒಬ್ಬರಾದ ವಿಲಿಯಂ ವಾಕರ್ ಮತ್ತು ಜೊತೆಗಾರರು ಡೆಟ್ರಾಯಿಟ್‌ಗೆ ಹೋಗಿ ಇನ್ನೊಂದು ಗೋಡೆ ಬರೆದಾಗಿತ್ತು. ಬರೆದು ಏನು ಬಂತು ಅಂದೆಯಲ್ಲ, ಅದು ಬಂತು ಕಂದಾ.

ನಿನ್ನ ಸ್ನೇಹಿತರು ಗೋಡೆಯೊಂದನ್ನು ಬರೆಯುವ ಯೋಚನೆಯಲ್ಲಿದ್ದಾರೆ ಅಂದಿದ್ದೆ. ಹೋಗು, ಸುಮ್ನೆ ನೋಡ್ತಾ ನಿಲ್ಲಬೇಡ, ಬ್ರಷ್ ಹಿಡಿ. ಬಣ್ಣ ಕಲಸುವ ಮೊದಲು ಆ ಬೀದಿಯವರ ಮನೆಗಳಿಗೆ ಹೋಗಿ ಕೇಳಿ, ಯಾರ ಮುಖ ಬೇಕು ಅಂತ.

ನಿನ್ನ ಅಪ್ಪ