ಮಾಗಡಿ ಕೆರೆಯ ಬಾತುಗಳನ್ನು ಮಲಗಲು ಬಿಡಿ

ಮಾನ್ಯ ಸಂಪಾದಕರೇ,

ಸಂಕ್ರಾಂತಿ ರಜೆಗೆ ಮಕ್ಕಳನ್ನು ಕರೆದುಕೊಂಡು ಗದಗಿನ ನನ್ನ ತವರಿಗೆ ಹೋಗಿದ್ದೆ. ಹಬ್ಬದ ಮರುದಿನ ಸೋದರಮಾವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಸಿಕೊಂಡು ಎಲ್ಲರನ್ನೂ ಮಾಗಡಿ ಕೆರೆಗೆ ಹೊರಡಿಸಿದರು. ಮಾಗಡಿ ಅಂದರೆ ಬೆಂಗಳೂರಿನ ನಮಗೆ ಕೆಂಪೇಗೌಡರ ಊರೇ ನೆನಪಾಗೋದು, ಅಲ್ವಾ? ಇದು ಅದಲ್ಲ, ಶಿರಹಟ್ಟಿ ಕಡೆಯ ಒಂದು ಹಳ್ಳಿ.

ಕೆರೆ ದೊಡ್ಡದೇನಲ್ಲ, ಸುಮಾರು 54 ಹೆಕ್ಟೇರ್ ಅಷ್ಟೇ. ಹೊಲಕ್ಕೆ ನೀರು ಬೇಕು ಅಂತ ಕಟ್ಟಿದ ಕೆರೆ. ಬೋಟಿಂಗ್ ಇಲ್ಲ, ಗದ್ದಲ ಇಲ್ಲ. ಏರಿ ಹತ್ತಿ ನೋಡಿದರೆ ನೀರಿನ ಅಂಚಿನುದ್ದಕ್ಕೂ ಬೂದು ಬಣ್ಣದ ಬಾತುಗಳು. ಬಿಳಿ ತಲೆ, ಅದರ ಹಿಂದೆ ಕಾಡಿಗೆ ತೀಡಿದ ಹಾಗೆ ಎರಡು ಕಪ್ಪು ಪಟ್ಟೆ. ಹೆಚ್ಚಿನವು ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಹುದುಗಿಸಿ ನಿದ್ದೆ ಮಾಡುತ್ತಿದ್ದವು. ನನ್ನ ಮಗಳು, ಮನೆಯಲ್ಲಿ ಐದು ನಿಮಿಷ ಬಾಯಿ ಮುಚ್ಚದವಳು, ಅರ್ಧ ಗಂಟೆ ಸುಮ್ನೆ ಕೂತಿದ್ದಳು!

ಆಮೇಲೆ ಒಂದು ಕಾರು ಬಂತು. ಇಳಿದ ನಾಲ್ಕು ಹುಡುಗರಲ್ಲಿ ಒಬ್ಬ ಮೊಬೈಲ್ ಹಿಡಿದು ನಿಂತ, ಇನ್ನೊಬ್ಬ ಚಪ್ಪಾಳೆ ತಟ್ಟಿದ, ಬಾತುಗಳು ಅಲ್ಲಾಡದಿದ್ದಾಗ ಕಲ್ಲು ಬೀಸಿದ. ಇಡೀ ಹಿಂಡು ಒಮ್ಮೆಗೇ ಕೂಗುತ್ತಾ ಎದ್ದಿತು. ಅವರಿಗೆ ರೀಲ್ಸ್ ಸಿಕ್ಕಿತು. ಮಾವ ಹತ್ತಿರ ಹೋಗಿ, "ತಮ್ಮಾ, ಅವು ರಾತ್ರಿಯೆಲ್ಲಾ ನಮ್ಮ ಹೊಲದಾಗ ಮೇಯ್ದು ಬಂದಾವ, ಈಗರ ಮಲಗಾಕ ಬಿಡೋ" ಅಂದರು. "ಏನಾಗಲ್ಲ ಬಿಡಿ ಅಂಕಲ್, ಮತ್ತೆ ಬಂದು ಕೂರ್ತವೆ" ಅಂತ ಉತ್ತರ.

ಏನಾಗಲ್ಲ ಅನ್ನೋದು ತಪ್ಪು. ಈ ಪಟ್ಟೆತಲೆ ಬಾತುಗಳು ಮರಿ ಮಾಡೋದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗಿಂತ ಮೇಲೆ ಹಾರಿದ ದಾಖಲೆ ಇದೆ. ಚಳಿಗಾಲ ಕಳೆದ ಮೇಲೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು, ಅದಕ್ಕೆ ಮೈಯಲ್ಲಿ ಕೊಬ್ಬು ಕೂಡಿರಬೇಕು. ಹಗಲಿಡೀ ಹೀಗೆ ಎಬ್ಬಿಸುತ್ತಿದ್ದರೆ ತಿಂದದ್ದೆಲ್ಲ ಹಾರುವುದಕ್ಕೇ ಖರ್ಚು. ಆ ಖರ್ಚು ತುಂಬಿಕೊಳ್ಳಲು ಅವು ಇನ್ನಷ್ಟು ಮೇಯಬೇಕು, ಅದೂ ರೈತರ ಹೊಲದಲ್ಲೇ. ಶೇಂಗಾ, ಕಡಲೆ ಕಳೆದುಕೊಳ್ಳುವ ಮಾವನಂಥವರೇ "ಹೋಗ್ಲಿ, ಹಿಕ್ಕಿ ಗೊಬ್ಬರ ಆಗತೈತಿ" ಅಂತ ಸಹಿಸಿಕೊಂಡಿರುವಾಗ, ಒಂದು ಮಧ್ಯಾಹ್ನಕ್ಕೆ ಬರುವ ನಮಗೇನು ಅವಸರ?

2024ರಲ್ಲಿ ಈ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ ಸಿಕ್ಕಿದೆ, ನಮ್ಮ ರಾಜ್ಯದ ಅಂಕಸಮುದ್ರ ಪಕ್ಷಿಧಾಮ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಸಂತೋಷವೇ. ಆದರೆ ಹೆಸರು ಬಂದಷ್ಟೂ ಕಾರು ಜಾಸ್ತಿ ಬರುತ್ತವೆ. ಅರಣ್ಯ ಇಲಾಖೆಯವರೇ, ದಯವಿಟ್ಟು ಇಲ್ಲಿ ವಾಚ್ ಟವರು, ಸೆಲ್ಫಿ ಪಾಯಿಂಟು ಅಂತ ಶುರು ಮಾಡುವ ಮೊದಲು ರಜೆ ದಿನಗಳಲ್ಲಾದರೂ ಏರಿ ಮೇಲೆ ಊರಿನ ಇಬ್ಬರನ್ನು ಸಂಬಳ ಕೊಟ್ಟು ನಿಲ್ಲಿಸಿ. ಕಲ್ಲು ಹೊಡೆದರೆ, ಡ್ರೋನ್ ಹಾರಿಸಿದರೆ ದಂಡ ಅಂತ ದೊಡ್ಡ ಅಕ್ಷರದ ಬೋರ್ಡ್ ಹಾಕಿ. ಮಾರ್ಚ್ ಹೊತ್ತಿಗೆ ಬಾತುಗಳು ಹೊರಟುಬಿಡುತ್ತವೆ, ಹಾಕುವುದಾದರೆ ಈ ತಿಂಗಳೇ ಹಾಕಿ.

– ಒಬ್ಬ ಓದುಗಳು, ಬೆಂಗಳೂರು