ನನ್ನ ಬ್ರೋಕರೇಜ್ ಪಾಲಿಗೆ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಂನಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದದ್ದರ ಬಗ್ಗೆ ದೂರು

ದಾವಣಗೆರೆ
24 ಜೂನ್ 2025

ಇವರಿಗೆ,
ಮುಖ್ಯಸ್ಥರು, ಲೆಕ್ಕಪತ್ರ ವಿಭಾಗ
ಪ್ರಾದೇಶಿಕ ಕಚೇರಿ, ಬೆಂಗಳೂರು

ಮಾನ್ಯರೇ,

ವಿಷಯ: 2024-25ರಲ್ಲಿ ತಪ್ಪು ಕಲಂನಲ್ಲಿ ಹಿಡಿದ ಟಿಡಿಎಸ್, ಬಿಲ್ಲೇ ಇಲ್ಲದೆ ಮುರಿದುಕೊಂಡ ಖರ್ಚು, ಇನ್ನೂ ಬಾರದ ಫಾರಂ 16ಎ (ಟಿಡಿಎಸ್ ಸರ್ಟಿಫಿಕೇಟ್)

2012ರಿಂದ ನಿಮ್ಮ ಷೇರು ಬ್ರೋಕರ್ ಕಂಪನಿ ಜೊತೆ, ಬ್ರೋಕರೇಜ್‌ನಲ್ಲಿ ಪಾಲಿಗೆ ಕೆಲಸ ಮಾಡುತ್ತಿದ್ದೇನೆ. ಆಗ ಸಬ್ ಬ್ರೋಕರ್ ಅಂತಿದ್ದರು. ಷೇರುಪೇಟೆಯ ನಿಯಂತ್ರಕ ಸೆಬಿ ಆ ವರ್ಗವನ್ನೇ ತೆಗೆದಾಗ, 2019ರ ಮಾರ್ಚ್ ಗಡುವಿನೊಳಗೆ ಎಪಿ (ಆಥರೈಸ್ಡ್ ಪರ್ಸನ್) ಆದೆ. ನಮ್ಮೂರಲ್ಲಿ ಜನ ಈಗಲೂ ಸಬ್ ಬ್ರೋಕರ್ ಅಂತಲೇ ಕರೆಯುತ್ತಾರೆ, ಅದಿರಲಿ. ಇಷ್ಟು ವರ್ಷ ನನ್ನ ಪಾಲಿಗೆ ನೀವು ಟಿಡಿಎಸ್ ಹಿಡಿದಿರಲಿಲ್ಲ. 2024ರ ಏಪ್ರಿಲ್‌ನಿಂದ ಒಂದು ಮಾತೂ ಹೇಳದೆ ನೂರಕ್ಕೆ ಹತ್ತು ಹಿಡಿಯಲು ಶುರು ಮಾಡಿದಿರಿ.

ಮಾರ್ಚ್ ತಿಂಗಳ ಲೆಡ್ಜರ್ ಒಂದನ್ನೇ ನೋಡಿ. ನನ್ನ ಪಾಲು ₹1,42,000. ಅದರಲ್ಲಿ ಟರ್ಮಿನಲ್ ಮತ್ತು ಲೀಸ್ ಲೈನ್‌ಗೆ ₹9,500, ನನ್ನ ಆಫೀಸಿನಲ್ಲಿ ಕೂರುವ ನಿಮ್ಮ ಡೀಲರ್ ಸಂಬಳಕ್ಕೆ ₹22,000 ಮುರಿದುಕೊಂಡಿದ್ದೀರಿ. ಕೆವೈಸಿ ಫಾರಂಗಳ ಕೊರಿಯರ್ ಮತ್ತು ಸ್ಟಾಂಪ್ ಖರ್ಚು ₹6,480. ಅದನ್ನು ನಾನು ಕೈಯಿಂದ ಕೊಟ್ಟು, ರಸೀದಿಗಳನ್ನೆಲ್ಲ ಪಿನ್ ಮಾಡಿ ಬೇರೆ ಬಿಲ್ ಕಳಿಸಿದ್ದೆ. ನೀವು ಅದನ್ನೂ ನನ್ನ ಪಾಲಿಗೆ ಸೇರಿಸಿ ₹1,48,480ರ ಮೇಲೆ ₹14,848 ಟಿಡಿಎಸ್ ಹಿಡಿದಿರಿ. ಕೊನೆಗೆ ಬ್ಯಾಂಕಿಗೆ ಬಂದದ್ದು ₹1,02,132. ಕೊರಿಯರ್‌ನವನಿಗೆ ನಾನು ಕೊಟ್ಟ ದುಡ್ಡು ವಾಪಸ್ ಬಂದರೆ ಅದು ನನ್ನ ಆದಾಯ ಹೇಗಾಗುತ್ತದೆ, ನೀವೇ ಹೇಳಿ.

ನನ್ನ 26ಎಎಸ್‌ನಲ್ಲಿ (ನನ್ನ ಹೆಸರಿಗೆ ಕಟ್ಟಿದ ತೆರಿಗೆಯ ಇಲಾಖಾ ಪಟ್ಟಿ) ಡಿಸೆಂಬರ್‌ವರೆಗಿನದೆಲ್ಲ 194ಜೆ ಅಂತ ಬಿದ್ದಿದೆ. ಅದು ಡಾಕ್ಟರು, ವಕೀಲರು, ಇಂಜಿನಿಯರುಗಳ ಫೀಸಿಗೆ ಇರುವ ಕಲಂ. ನಮ್ಮ ಆಡಿಟರ್ ಅದನ್ನು ನೋಡಿ, "ಏನ್ ಸಾರ್, ಯಾವಾಗ ಡಾಕ್ಟರ್ ಆದ್ರಿ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನನಗೆ ಬರುವುದು ಕಮಿಷನ್. ಕಮಿಷನ್‌ಗೆ ಇರುವುದು 194ಎಚ್. ಆದರೆ ಸೆಕ್ಯುರಿಟೀಸ್ ವ್ಯವಹಾರದ ಕಮಿಷನ್ ಅದರಲ್ಲಿ ಬರುವುದಿಲ್ಲ ಅಂತ ಆ ಕಲಂನ ವಿವರಣೆಯಲ್ಲೇ ಬರೆದಿದೆ. ಹೋಗಲಿ, 194ಎಚ್ ಅಂತಲೇ ಹಿಡಿದಿದ್ದರೂ 2024ರ ಅಕ್ಟೋಬರ್ 1ರಿಂದ ಅದರ ದರ ನೂರಕ್ಕೆ 2. ಹತ್ತು ಎಲ್ಲಿಂದ ಬಂತು?

ಫೋನ್ ಮಾಡಿದಾಗ ನಿಮ್ಮವರು ಎರಡು ಕಾರಣ ಕೊಟ್ಟರು. ಮೊದಲನೆಯದು ತೆರಿಗೆ ಇಲಾಖೆಯ 1995ರ 715ನೇ ಸುತ್ತೋಲೆ. ಬಿಲ್ಲಿನಲ್ಲಿ ಸೇರಿದ ಖರ್ಚನ್ನು ಕಳೆಯದೆ ಪೂರ್ತಿ ಮೊತ್ತಕ್ಕೆ ಟಿಡಿಎಸ್ ಹಿಡಿಯಬೇಕು ಅಂತ ಅದರಲ್ಲಿರುವುದು ನಿಜ. ಆದರೆ ಅದು 194ಸಿ (ಗುತ್ತಿಗೆ ಕೆಲಸದ ಕಲಂ), 194ಜೆ ಬಿಲ್ಲುಗಳ ಮಾತು. ನನ್ನದು 194ಜೆ ಅಲ್ಲವೇ ಅಲ್ಲ. ಮೇಲಾಗಿ ನಾನು ಖರ್ಚಿಗೆ ಬೇರೆಯೇ ಬಿಲ್ ಕೊಟ್ಟಿದ್ದೇನೆ.

ಎರಡನೆಯದು ಹೆದರಿಕೆ. ಟಿಡಿಎಸ್ ಹಿಡಿಯದಿದ್ದರೆ 40(ಎ)(ಐಎ) ಕಲಂನಲ್ಲಿ ನಿಮಗೆ ಕೊಟ್ಟ ದುಡ್ಡಿನ ನೂರಕ್ಕೆ 30 ಭಾಗವನ್ನು ನಮ್ಮ ಖರ್ಚು ಅಂತ ಇಲಾಖೆ ಒಪ್ಪುವುದಿಲ್ಲ, ಅದಕ್ಕೇ ಸೇಫ್ಟಿಗೆ ಹಿಡಿದೆವು ಅಂದರು. ಹಿಡಿಯಲೇಬೇಕಾದ ಕಡೆ ಹಿಡಿಯದಿದ್ದರೆ ತಾನೇ ಆ ಮಾತು? ಇಲಾಖೆಯ ಕಾಟ ಬ್ರೋಕರ್‌ಗಳಿಗೆ ಹೊಸದಲ್ಲ ಅಂತ ನನಗೂ ಗೊತ್ತು. ಮುಂಬೈ ಷೇರುಪೇಟೆ ಬಿಎಸ್‌ಇಗೆ ಕಟ್ಟುವ ಟ್ರಾನ್ಸಾಕ್ಷನ್ ಚಾರ್ಜಿಗೆ ಯಾಕೆ ಟಿಡಿಎಸ್ ಹಿಡಿದಿಲ್ಲ ಅಂತ ಇದೇ ಕಲಂ ಹಾಕಿ ಇಲಾಖೆ ಕೇಳಿತ್ತು. ಅದು ತಾಂತ್ರಿಕ ಸೇವೆ, 194ಜೆಗೆ ಸೇರುತ್ತದೆ ಅಂತ 2011ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಅಲ್ಲ, ಸದಸ್ಯರೆಲ್ಲರಿಗೂ ಸಿಗುವ ಮಾಮೂಲಿ ಸೌಲಭ್ಯ ಅಂತ 2016ರ ಮಾರ್ಚ್‌ನಲ್ಲಿ ಕೋಟಕ್ ಸೆಕ್ಯುರಿಟೀಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆವತ್ತು ಬ್ರೋಕರ್‌ಗಳೆಲ್ಲ ಖುಷಿಪಟ್ಟಿದ್ದಿರಿ. ಈಗ ಅದೇ 194ಜೆಯನ್ನು ನಮ್ಮ ತಲೆಗೆ ಕಟ್ಟುತ್ತಿದ್ದೀರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಇದಕ್ಕೇ ಇರಬೇಕು.

ವರ್ಷದಲ್ಲಿ ಹೀಗೆ ಹೋದದ್ದು ₹1,65,720. ರಿಟರ್ನ್ ಹಾಕಿದರೆ ಜಾಸ್ತಿಯಾದದ್ದು ರೀಫಂಡ್ ಬರುತ್ತದಲ್ಲ ಅಂತ ನಿಮ್ಮ ಹುಡುಗ ಸಮಾಧಾನ ಹೇಳಿದ. ಬರುತ್ತದೆ. ಅಲ್ಲಿಯವರೆಗೆ ನನ್ನ ಆಫೀಸ್ ಬಾಡಿಗೆ ಯಾರು ಕಟ್ಟುತ್ತಾರೆ?

ಅದಕ್ಕಿಂತ ದೊಡ್ಡ ತಲೆನೋವು ಖರ್ಚಿನದ್ದು. ಕಮಿಷನ್ ಆದಾಯದವರಿಗೆ 44ಎಡಿ ಕಲಂನಂತೆ ಲೆಕ್ಕಪುಸ್ತಕ ಇಲ್ಲದೆ ಅಂದಾಜು ಲಾಭ ತೋರಿಸುವ ಅನುಕೂಲ ಇಲ್ಲ. ಪುಸ್ತಕ ಬರೆದು ಐಟಿಆರ್-3 ಹಾಕಬೇಕು, ಪ್ರತಿ ಖರ್ಚಿಗೂ ಕಾಗದ ಬೇಕು. ನೀವು ವರ್ಷಕ್ಕೆ ₹3,78,000 ಮುರಿದುಕೊಂಡಿದ್ದೀರಿ. ಅದಕ್ಕೆ ಲೆಡ್ಜರ್‌ನಲ್ಲಿ ಇರುವುದು "ಎಡಿಜೆ" ಅನ್ನುವ ಮೂರಕ್ಷರ, ಅಷ್ಟೇ. ಇನ್‌ವಾಯ್ಸ್ ಇಲ್ಲ, ಡೆಬಿಟ್ ನೋಟ್ ಇಲ್ಲ. 26ಎಎಸ್‌ನಲ್ಲಿ ಮಾತ್ರ ಡಿಸೆಂಬರ್‌ವರೆಗಿನ ಪೂರ್ತಿ ಮೊತ್ತ ನನ್ನ ಹೆಸರಿನಲ್ಲಿ ಕೂತಿದೆ. ನಾಳೆ ಅಧಿಕಾರಿ ಕೇಳಿದರೆ ಆ ಮೂರಕ್ಷರ ತೋರಿಸಲೇ?

ಇದರ ಮೇಲೆ ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ 26ಎಎಸ್‌ನಲ್ಲಿ ಕಾಣುತ್ತಲೇ ಇಲ್ಲ. 26ಕ್ಯೂ (ನೀವು ಹಾಕಬೇಕಾದ ಟಿಡಿಎಸ್ ರಿಟರ್ನ್) ಹಾಕಲು ಮೇ 31, ಫಾರಂ 16ಎ ಕೊಡಲು ಜೂನ್ 15 ಕೊನೆ ದಿನ. ಎರಡೂ ಮುಗಿದವು. ರಿಟರ್ನ್ ಹಾಕಿಲ್ಲವೋ, ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿದೆಯೋ ನೋಡಿ. ತಡವಾದರೆ ದಿನಕ್ಕೆ ₹200 ಶುಲ್ಕ ಬೀಳುವುದು ನಿಮಗೇ.

ಈಗ ಆಗಬೇಕಾದದ್ದು ಇಷ್ಟು. ನಾಲ್ಕನೇ ತ್ರೈಮಾಸಿಕದ 16ಎ ಜುಲೈ 10ರೊಳಗೆ ಕೊಡಿ. ಮುರಿದುಕೊಂಡ ₹3,78,000ಕ್ಕೆ ತಿಂಗಳುವಾರು ಇನ್‌ವಾಯ್ಸ್ ಕೊಡಿ. ವರ್ಷದ ಕೊರಿಯರ್, ಸ್ಟಾಂಪ್ ಖರ್ಚು ₹71,200 ಕೇವಲ ಮರುಪಾವತಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ ಕೊಡಿ. ಜುಲೈ ಮೊದಲ ವಾರ ಬರುವ ಜೂನ್ ತಿಂಗಳ ಪಾಲಿನಿಂದಲೇ ಟಿಡಿಎಸ್ ನಿಲ್ಲಿಸಿ. ಹಿಡಿಯಲೇಬೇಕು ಅನ್ನುವುದಾದರೆ ಯಾವ ಕಲಂ, ಯಾಕೆ ಅಂತ ಬರಹದಲ್ಲಿ ತಿಳಿಸಿ, ಫೋನಿನಲ್ಲಿ ಬೇಡ. ಕಳೆದ ವರ್ಷದ ಟಿಡಿಎಸ್ಸನ್ನು ನಾನೇ ರಿಟರ್ನ್‌ನಲ್ಲಿ ಕ್ಲೇಮ್ ಮಾಡಿಕೊಳ್ಳುತ್ತೇನೆ. ಈ ಸಲ ಗಡುವು ಸೆಪ್ಟೆಂಬರ್ 15ಕ್ಕೆ ಹೋಗಿದೆ, ಸದ್ಯ. ಆದರೆ ನಿಮ್ಮ ಕಾಗದಗಳಿಲ್ಲದೆ ಆಡಿಟರ್ ಫೈಲೇ ತೆರೆಯುವುದಿಲ್ಲ ಅಂದಿದ್ದಾರೆ.

ಇಂತಿ,
ನಿಮ್ಮ ಎಪಿ, ದಾವಣಗೆರೆ

ಲಗತ್ತು: ಮಾರ್ಚ್ 2025ರ ಲೆಡ್ಜರ್ ಪ್ರತಿ, 26ಎಎಸ್ ಪ್ರತಿ, ಕೊರಿಯರ್ ಬಿಲ್ಲುಗಳು