ಕಾಯುವ ಹಾಡು: ಸಂಗೀತ ನಾಟಕ ಬರೆಯುತ್ತಿರುವ ತಮ್ಮನಿಗೊಂದು ಪತ್ರ

ಉಡುಪಿ

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ಮಂಗಳೂರಿನಿಂದ ನೀನು ಕಳುಹಿಸಿದ ಲೇಖನವೂ ಅದರ ಜೊತೆಗಿದ್ದ ಸಂಗೀತ ನಾಟಕದ ಹಸ್ತಪ್ರತಿಯೂ ಕಳೆದ ವಾರ ಕೈಸೇರಿದವು. ಲೇಖನವನ್ನು ಎರಡು ಸಲ ಓದಿದೆ, ನಾಟಕವನ್ನು ಮೂರು ಸಲ. ಮೂರನೆಯ ಸಲ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಇಂದಿನ ಸಂಗೀತ ನಾಟಕಗಳಲ್ಲಿ ಹಿಂದಿನವುಗಳ ಸತ್ವದ ಒಂದಂಶವೂ ಉಳಿದಿಲ್ಲವೆಂದು ನೀನು ವಾದಿಸಿದ್ದೀಯ. ಕಂಪೆನಿ ನಾಟಕಗಳ ಕಾಲ, ರಂಗನಿರ್ದೇಶಕ ಬಿ.ವಿ. ಕಾರಂತರ ಕಾಲ, ಯಕ್ಷಗಾನದ ಹಾಡುಗಾರ, ಅಂದರೆ ಭಾಗವತ, ಕಾಳಿಂಗ ನಾವಡರ ಕಾಲ ಎಂದು ಮೂರು ಸುವರ್ಣಯುಗಗಳನ್ನು ಹೆಸರಿಸಿದ್ದೀಯ. 2023ರಲ್ಲಿ ಮುಂಬಯಿಗೆ ಬಂದಿದ್ದ ‘ದಿ ಸೌಂಡ್ ಆಫ್ ಮ್ಯೂಸಿಕ್’ ನೋಡಿ ಬಂದ ಮೇಲೆ, ಅಮೆರಿಕದ ಬ್ರಾಡ್‌ವೇ ರಂಗಭೂಮಿಯಲ್ಲೂ ಹಳೆಯದೇ ಚಿನ್ನ ಎಂಬ ತೀರ್ಮಾನಕ್ಕೆ ಬಂದಿದ್ದೀಯ. ನಿನ್ನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಈ ನಂಬಿಕೆಯ ಭಾರ ನಿನ್ನ ನಾಟಕದ ಮೇಲೆ ಬಿದ್ದಿದೆ, ಅದರ ಕೆಲವು ಹಾಡುಗಳು ಈ ಭಾರಕ್ಕೆ ಬಾಗಿವೆ. ಆದುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಹಿಂದಿನದರಲ್ಲಿ ನಮಗೆ ಸಿಕ್ಕಿರುವುದು ಗೇರಿ ಬಂದ ಅಕ್ಕಿ. ಮುದ್ದಣನ ಯಕ್ಷಗಾನ ಪ್ರಸಂಗಗಳಾದ ‘ರತ್ನಾವತೀ ಕಲ್ಯಾಣ’ ಮತ್ತು ‘ಕುಮಾರವಿಜಯ’ವನ್ನು ನಾವು ಇಂದಿಗೂ ಹೆಸರಿಸುತ್ತೇವೆ, ಅದೇ ಕಾಲದಲ್ಲಿ ಬರೆದು ಅಟ್ಟದ ಮೇಲೆ ಗೆದ್ದಲು ತಿಂದ ಪ್ರಸಂಗಗಳನ್ನು ಯಾರೂ ಹೆಸರಿಸುವುದಿಲ್ಲ. ಈ ವರ್ಷದ ನಾಟಕಗಳನ್ನಾದರೋ ನಾವು ಹೊಟ್ಟು, ಕಲ್ಲು, ನುಚ್ಚಿನ ಸಮೇತ ನೋಡುತ್ತಿದ್ದೇವೆ. ಇನ್ನು ನಾವಡರ ಮಾತು. ಸಾಲಿಗ್ರಾಮ ಮೇಳದಲ್ಲಿ ಅವರು ಹೊಸ ರಾಗಗಳನ್ನು ತಂದು ಪದ್ಯದ ಎತ್ತುಗಡೆಯನ್ನೇ ಬದಲಿಸಿದಾಗ, ಭಾಗವತಿಕೆ ಕೆಟ್ಟಿತೆಂದು ನೊಂದುಕೊಂಡ ಹಿರಿಯರು ನಮ್ಮ ಕೇರಿಯಲ್ಲೇ ಇದ್ದರು. 1990ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂದು ಅದೇ ನಾವಡರು ನಿನ್ನ ಲೇಖನದಲ್ಲಿ ಪರಂಪರೆಯ ಪರವಾಗಿ ಸಾಕ್ಷಿ ಹೇಳುತ್ತಿದ್ದಾರೆ.

ಕಂಪೆನಿ ನಾಟಕಗಳ ಮಟ್ಟುಗಳು ಈ ನೆಲದ ಅಪ್ಪಟ ಸೊತ್ತೆಂದು ಬರೆದಿದ್ದೀಯಲ್ಲ, ಅದನ್ನು ತಿದ್ದಿಕೊಳ್ಳಬೇಕು. ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ ಮಹಾರಾಷ್ಟ್ರದ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದರಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ ಆಡಿಸಿದರು, ಮರಾಠಿ ರಂಗಭೂಮಿ ತನ್ನ ಆರಂಭವನ್ನು ಅಲ್ಲಿಂದ ಎಣಿಸುತ್ತದೆ. 1880ರಲ್ಲಿ ಕಿರ್ಲೋಸ್ಕರರ ಮರಾಠಿ ಸಂಗೀತ ನಾಟಕ ‘ಶಾಕುಂತಲ’ ಬಂತು, ಆಮೇಲೆ ಮರಾಠಿ ನಾಟಕ ಮಂಡಳಿಗಳು ಕನ್ನಡನಾಡಿಗೆ ಬಂದವು, ನಮ್ಮ ಕಂಪೆನಿಗಳು ಅವರ ಮಟ್ಟುಗಳಿಗೆ ಕನ್ನಡ ಮಾತು ಕೂರಿಸಿ ಹಾಡಿದವು. ಹೀಗೆ ನಮ್ಮಿಂದ ಹೋದದ್ದರಲ್ಲಿ ಒಂದಿಷ್ಟು ವೇಷ ಬದಲಿಸಿ ನಮ್ಮಲ್ಲಿಗೇ ಮರಳಿತು. ಸಿನಿಮಾ ಧಾಟಿಗೆ ಹಾಡು ಬರೆಯುವ ಇಂದಿನವರನ್ನು ಕಳ್ಳರೆಂದು ಕರೆಯುವ ಮೊದಲು ಇದನ್ನು ನೆನಪಿಸಿಕೊ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ನಾಟಕವನ್ನು ನಿಲ್ಲಿಸಿ ಅದೇ ಹಾಡನ್ನು ಮತ್ತೆ ಮತ್ತೆ ಹಾಡುತ್ತಿದ್ದ ಪದ್ಧತಿಯೂ ಆ ಸುವರ್ಣಯುಗದ್ದೇ.

ಹಾಗಾದರೆ ಹಾಡನ್ನು ಅಳೆಯುವುದು ಹೇಗೆ? ನನಗೆ ಇದನ್ನು ಕಲಿಸಿದ್ದು ನನ್ನದೇ ಒಂದು ನಾಟಕ. ನಾನು ಬರೆದ ಮೊದಲ ಗೀತನಾಟಕದಲ್ಲಿ ಹದಿನಾಲ್ಕು ಹಾಡುಗಳಿದ್ದವು, ಅದು ಮಂಗಳೂರಿನ ಪುರಭವನದಲ್ಲಿ ಪ್ರದರ್ಶನಗೊಂಡಿತು. ಎರಡನೆಯ ಪ್ರದರ್ಶನಕ್ಕೆ ಹಾರ್ಮೋನಿಯಂ ನುಡಿಸುವವರು ಜ್ವರದಿಂದ ಬರಲಿಲ್ಲ. ನಿರ್ದೇಶಕರು ನನ್ನನ್ನು ಕೇಳದೆ ನಾಲ್ಕು ಹಾಡುಗಳನ್ನು ಬಿಟ್ಟು ನಾಟಕ ನಡೆಸಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಸಿಟ್ಟಿನಿಂದ ನಡುಗುತ್ತಿದ್ದೆ. ನಾಟಕ ಮುಗಿದಾಗ, ಮೊದಲ ಪ್ರದರ್ಶನವನ್ನೂ ನೋಡಿದ್ದ ಹಿರಿಯರೊಬ್ಬರು ಬಂದು, ಈ ಸಲ ನಾಟಕ ಬಿಗಿಯಾಗಿತ್ತು ಎಂದು ಹೇಳಿದರು. ಯಾವ ಹಾಡು ಬಿಟ್ಟುಹೋಗಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ರಾತ್ರಿ ಮನೆಗೆ ಬಂದು ಆ ನಾಲ್ಕು ಹಾಡುಗಳನ್ನು ಓದಿದೆ. ಪಾತ್ರಗಳು ಮಾತಿನಲ್ಲಿ ಹೇಳಿ ಮುಗಿಸಿದ್ದನ್ನೇ ಅವು ರಾಗದಲ್ಲಿ ಹೇಳುತ್ತಿದ್ದವು. ಅಂದಿನಿಂದ ಹಾಡು ಹಳೆಯದೋ ಹೊಸದೋ ಎಂದು ನಾನು ಕೇಳುವುದಿಲ್ಲ, ಅದನ್ನು ತೆಗೆದರೆ ನಾಟಕ ಎಲ್ಲಿ ಕುಂಟುತ್ತದೆ ಎಂದು ಕೇಳುತ್ತೇನೆ.

ನೀನು ಮುಂಬಯಿಯಲ್ಲಿ ಕೇಳಿ ಕಣ್ಣೀರಿಟ್ಟೆ ಎಂದು ಬರೆದ ‘ಎಡೆಲ್‌ವೈಸ್’ ಹಾಡನ್ನು ಇದೇ ಪ್ರಶ್ನೆಯಿಂದ ನೋಡು. ಆ ನಾಟಕದ ಗೀತರಚನೆಕಾರ ಆಸ್ಕರ್ ಹ್ಯಾಮರ್‌ಸ್ಟೈನ್ 1959ರಲ್ಲಿ, ನಾಟಕ ಬಾಸ್ಟನ್ನಿನಲ್ಲಿ ಪ್ರಾಯೋಗಿಕ ಪ್ರದರ್ಶನ ಕಾಣುತ್ತಿದ್ದಾಗ, ಕಥೆಯ ತಂದೆಯಾದ ಕ್ಯಾಪ್ಟನ್ನನಿಗೊಂದು ಹಾಡು ಬೇಕೆಂದು ಅದನ್ನು ಬರೆದರು. ಮರುವರ್ಷ ಅವರು ತೀರಿಕೊಂಡರು. ಅವರು ಬರೆದ ಕೊನೆಯ ಹಾಡು ಅದು. ಅದು ಆಸ್ಟ್ರಿಯಾದ ಜಾನಪದ ಗೀತೆಯೆಂದು ನಂಬಿರುವವರು ಬಹಳ. ಸಣ್ಣ ಹೂವೊಂದನ್ನು ಕುರಿತ, ಮಗುವೂ ಹಾಡಬಲ್ಲ ನಾಲ್ಕು ಸಾಲು. ಆದರೆ ಕಥೆಯಲ್ಲಿ ಆಸ್ಟ್ರಿಯಾ ನಾಜಿಗಳ ವಶವಾಗಿದೆ, ಆ ಹಾಡಿನ ಬೆನ್ನಿಗೇ ಕುಟುಂಬ ಮನೆ ಬಿಟ್ಟು ಓಡಬೇಕಾಗಿದೆ, ಶತ್ರುಗಳು ಎದುರಿಗೇ ಕುಳಿತಿದ್ದಾರೆ. ಬಾಯಿಬಿಟ್ಟು ಹೇಳಲಾಗದ ವಿದಾಯವನ್ನು ಆ ಹಾಡು ಹೇಳುತ್ತದೆ. ನಿನ್ನನ್ನು ಅಳಿಸಿದ್ದು ಆ ಹಾಡು ನಿಂತ ಜಾಗ.

ಹಾಗೆಯೇ, ಜನಪ್ರಿಯ ಹಳೆಯ ಹಾಡುಗಳನ್ನು ಪೋಣಿಸಿ ಕಥೆ ಹೆಣೆಯುವ ‘ಮಮ್ಮಾ ಮಿಯಾ’ ಬಗೆಯ ನಾಟಕಗಳನ್ನು ಎರವಲಿನವು ಎಂಬ ಒಂದೇ ಕಾರಣಕ್ಕೆ ನೀನು ತಳ್ಳಿಹಾಕಿದ್ದೀಯ. ಎರವಲು ದೋಷವಲ್ಲ. ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ನಾಟಕಕ್ಕೆ ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ತಂದರು. ಮಠದ ಅಧಿಕಾರಕ್ಕಾಗಿ ನಡೆಯುವ ಜಗ್ಗಾಟದ ನಡುವೆ, ನಮ್ಮ ಮನೆಗಳಲ್ಲಿ ಸಂಜೆಯ ಭಜನೆಗೆ ಹಾಡುವ ಪದಗಳೇ ಕೇಳಿದಾಗ ಅವುಗಳ ಅರ್ಥ ಮುಳ್ಳಿನಂತೆ ಎದ್ದು ನಿಂತಿತು. ನಾನೂರು ವರ್ಷಗಳಿಗೂ ಹಿಂದಿನ ಹಾಡುಗಳು ಆ ನಾಟಕಕ್ಕೆಂದೇ ಹುಟ್ಟಿದವೋ ಎಂಬಂತಿದ್ದವು. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪೆನಿ ಸೇರಿ, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತ ಆ ಮನುಷ್ಯನಿಗೆ ಹಳತು ಹೊಸತಿನ ಗೋಡೆಯೇ ಇರಲಿಲ್ಲ. ಅವರ ಹೆಸರಿನಲ್ಲಿ ನೀನು ಆ ಗೋಡೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೂ, ಏನೋ ಕಳೆದುಹೋಗಿದೆ ಎಂಬ ನಿನ್ನ ನೋವು ಸುಳ್ಳಲ್ಲ. ಕಳೆದದ್ದು ಏನೆಂದು ಹೆಸರಿಡುವಲ್ಲಿ ಮಾತ್ರ ನೀನು ಎಡವಿದ್ದೀಯ. ನಾನು ಕಂಡ ಎರಡು ಘಟನೆಗಳನ್ನು ಹೇಳುತ್ತೇನೆ.

ಬ್ರಹ್ಮಾವರದ ಸಮೀಪ, ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಒಂದು ಹರಕೆಯಾಟ. ಚಕ್ರವ್ಯೂಹದ ಅಭಿಮನ್ಯು ಕುಣಿಯುತ್ತಿದ್ದಾಗ ಎಡಗಾಲಿನ ಗೆಜ್ಜೆಯ ಪಟ್ಟಿ ಸಡಿಲಿ ಹಿಮ್ಮಡಿಗೆ ಜಾರಿತು. ನಾನು ರಂಗಸ್ಥಳದ ಬದಿಯಲ್ಲೇ ಕುಳಿತಿದ್ದುದರಿಂದ ಕಂಡೆ. ನನಗಿಂತ ಮೊದಲು ಭಾಗವತರು ಕಂಡಿದ್ದರು. ಮುಂದಿನ ಸಾಲಿಗೆ ಹೋಗಬೇಕಾದವರು ಹೋಗಲಿಲ್ಲ. ಪಲ್ಲವಿಯನ್ನೇ ಮತ್ತೆ ಎತ್ತಿಕೊಂಡು ರಾಗವನ್ನು ವಿಸ್ತರಿಸುತ್ತ ಕಾಲವನ್ನು ಇಳಿಸಿದರು. ಮದ್ದಳೆಗಾರರು ಅವರ ಮುಖ ನೋಡಿ ಕೈ ಹಗುರ ಮಾಡಿದರು. ಅಷ್ಟು ಅವಕಾಶ ಸಿಕ್ಕಿದ್ದೇ ಹುಡುಗ, ಯುದ್ಧಕ್ಕೆ ಹೊರಡುವವನು ತಾಯಿಗೆ ನಮಸ್ಕರಿಸುವಂತೆ ಮೊಣಕಾಲೂರಿ ಬಾಗಿದ, ಬಾಗಿದಲ್ಲೇ ಪಟ್ಟಿ ಬಿಗಿದ, ಮುಕ್ತಾಯಕ್ಕೆ ಸರಿಯಾಗಿ ಎದ್ದು ನಿಂತ. ನನ್ನ ಪಕ್ಕದಲ್ಲಿದ್ದ ಅಜ್ಜಿ ಕೈಮುಗಿದು ಕಣ್ಣೊರೆಸಿಕೊಂಡರು.

ಎರಡನೆಯದು ಎರಡು ವರ್ಷಗಳ ಹಿಂದೆ ಮಂಗಳೂರಿನ ಸಭಾಂಗಣವೊಂದರಲ್ಲಿ. ನಾಟಕ ಚೆನ್ನಾಗಿತ್ತು, ಹಾಡು ಇಂಪಾಗಿತ್ತು, ಆ ನಟಿಯ ಸ್ವಂತ ಕಂಠವೇ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡಿತ್ತು. ಎರಡನೆಯ ಚರಣದಲ್ಲಿ ಅವಳ ಸೆರಗು ರಂಗಸಜ್ಜಿಕೆಯ ಮೊಳೆಗೆ ಸಿಕ್ಕಿಕೊಂಡಿತು. ಅವಳು ತಿರುಗಿ ಬಿಡಿಸಿಕೊಳ್ಳುತ್ತಿದ್ದಾಗ ಹಾಡು ತನ್ನಷ್ಟಕ್ಕೆ ಮುಂದೆ ಹೋಯಿತು. ಅವಳ ಬಾಯಿ ಮುಚ್ಚಿತ್ತು, ಅವಳ ದನಿ ಮಾತ್ರ ಎರಡು ಸ್ಪೀಕರುಗಳಿಂದ ಅಗಲಿದ ಮಗನನ್ನು ಕರೆಯುತ್ತಿತ್ತು. ಹಿಂದಿನ ಸಾಲಿನಿಂದ ನಗು ಕೇಳಿತು. ಅವಳಲ್ಲಿ ಯಾವ ತಪ್ಪೂ ಇರಲಿಲ್ಲ.

ತಮ್ಮಾ, ನಾವು ಕಳೆದುಕೊಳ್ಳುತ್ತಿರುವುದು ಇದನ್ನು, ಹಾಡು ನಟನನ್ನು ನೋಡುವ, ಅವನಿಗಾಗಿ ಕಾಯುವ ಗುಣವನ್ನು. ರಾಗಗಳು ಎಲ್ಲಿಗೂ ಹೋಗಿಲ್ಲ, ಕಂಠಗಳಿಗೆ ಬರವಿಲ್ಲ. ಮೈಕ್ ಬಂದದ್ದರಿಂದ, ಕಂಪೆನಿ ಕಾಲದಲ್ಲಿ ಕಡೆಯ ಬೆಂಚಿಗೆ ಮುಟ್ಟುವಂತೆ ಎತ್ತರದ ಶ್ರುತಿಯಲ್ಲಿ ಹಾಡಬೇಕಾಗಿದ್ದ ಜೋಗುಳವನ್ನು ಇಂದು ಜೋಗುಳದಷ್ಟೇ ಮೆಲ್ಲಗೆ ಹಾಡಬಹುದು; ಅದು ಇಂದಿನವರ ದೊಡ್ಡ ಲಾಭ. ವಾದ್ಯವೂ ಸಮಸ್ಯೆಯಲ್ಲ. ಶಿವರಾಮ ಕಾರಂತರು ಯಕ್ಷರಂಗದಲ್ಲಿ ಪಿಟೀಲು, ಸ್ಯಾಕ್ಸೋಫೋನ್ ಬಳಸಿದಾಗ ವಿರೋಧವಿತ್ತು, ಆದರೆ ಅವೂ ವೇಷದ ಹೆಜ್ಜೆಯನ್ನು ನೋಡಿಕೊಂಡೇ ನುಡಿದವು. ಧ್ವನಿಮುದ್ರಿತ ಟ್ರ್ಯಾಕ್‌ಗೆ ಕಣ್ಣಿಲ್ಲ. ತಂಡಗಳು ಅದನ್ನು ಸೋಮಾರಿತನದಿಂದ ಆರಿಸಿಕೊಂಡಿಲ್ಲ ಎಂಬುದನ್ನೂ ಲೇಖನದಲ್ಲಿ ಸೇರಿಸು: ದಿನಕ್ಕೊಂದು ಊರಿನಲ್ಲಿ ಆಡುವ ತಂಡಕ್ಕೆ ನಾಲ್ಕೈದು ವಾದ್ಯದವರನ್ನು ಸಾಕುವುದು, ಪ್ರತಿ ಸಭಾಂಗಣದಲ್ಲಿ ಅವರ ಧ್ವನಿಯನ್ನು ಹದಗೊಳಿಸುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ.

ಬರಹಗಾರನಾಗಿ ನೀನು ಮಾಡಬಹುದಾದದ್ದೂ ಇದೆ. ಕಾಯಬಲ್ಲ ಹಾಡನ್ನು ಬರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಗಟ್ಟಿಯಾಗಿ ಓದು. ಪದ್ಯ ಚಿಕ್ಕದು, ಎಲ್ಲವನ್ನೂ ತಾನೇ ಹೇಳಿ ಮುಗಿಸುವುದಿಲ್ಲ, ಅದನ್ನು ಮಾತಿನಲ್ಲಿ ಬೆಳೆಸುವ ಅರ್ಥಧಾರಿಗೆ ಜಾಗ ಉಳಿಸುತ್ತದೆ. ಅದರ ಸಾಲನ್ನು ಮೂರು ಸಲ ಎತ್ತಿದರೂ ಸವೆಯುವುದಿಲ್ಲ. ನಿನ್ನ ಹಸ್ತಪ್ರತಿಯಲ್ಲಿ ಮಲ್ಪೆ ಬಂದರಿನ ಏಲಂ ಹಾಡು ಹಾಗಿದೆ. ಬಂಗುಡೆಯ ಬುಟ್ಟಿಗೆ ದರ ಕೂಗುತ್ತ ಹೋದಂತೆ ಕಾಲ ಏರುತ್ತದೆ, ಎಷ್ಟು ಸುತ್ತು ಬೇಕಾದರೂ ಕೂಗಿಸಬಹುದು, ಕೂಗು ನಿಂತಾಗ ಆ ಹೆಂಗಸು ಸೋತಿದ್ದಾಳೆ ಎಂದು ಯಾರೂ ಹೇಳಬೇಕಾಗಿಲ್ಲ. ಅದನ್ನು ಮುಟ್ಟಬೇಡ.

ಮೂರನೆಯ ದೃಶ್ಯದ ಹಾಡಿನಲ್ಲಿ ಕೆಲಸವಿದೆ. ದೋಣಿ ಬರಲಿಲ್ಲವೆಂಬ ದುಃಖವನ್ನು ತಾಯಿ ಒಂದೂವರೆ ಪುಟ ಮಾತಿನಲ್ಲಿ ಹೇಳಿಕೊಂಡ ಮೇಲೆ ನೀನು ಅವಳಿಂದ ಅದನ್ನೇ ಹಾಡಿಸಿದ್ದೀಯ, ಹಳೆಯ ನಾಟಕಗಳಲ್ಲಿ ಅಂಥ ಕಡೆ ಶೋಕಗೀತೆ ಇರುತ್ತಿತ್ತೆಂಬ ಕಾರಣಕ್ಕೆ. ಮಾತನ್ನೆಲ್ಲ ಹೊಡೆದುಹಾಕು. ಅವಳು ದಡಕ್ಕೆ ಬಂದು ನಿಲ್ಲಲಿ, ಹಾಡು ಶುರುವಾಗಲಿ. ಮೂರು ಮಾತ್ರೆಯ ಓಟದಲ್ಲಿ ಬರೆದಿದ್ದೀಯ. ಕಾಯುವವಳ ನಡೆ ಅಷ್ಟು ಚುರುಕಾಗಿರುವುದಿಲ್ಲ. ಭಾಮಿನಿ ಷಟ್ಪದಿಯ ಮೂರು ನಾಲ್ಕರ ನಡೆಯಲ್ಲಿ ಬರೆದು ನೋಡು, ತ್ರಿವುಡೆ ತಾಳಕ್ಕೆ ತಾನಾಗಿ ಕೂರುತ್ತದೆ. ಅಥವಾ ಐದು ಮಾತ್ರೆಯ ಗಣದಲ್ಲಿ ಬರೆದು ಝಂಪೆ ತಾಳಕ್ಕೆ ಹೊಂದಿಸು. ಕೊನೆಯ ಎರಡು ಸಾಲು ತೆಗೆದು ಪಲ್ಲವಿಯಲ್ಲೇ ನಿಲ್ಲಿಸು. ದೋಣಿ ಯಾವಾಗ ಕಾಣಿಸಬೇಕು ಎಂಬುದನ್ನು ಆ ರಾತ್ರಿಯ ನಟಿ ತೀರ್ಮಾನಿಸಲಿ, ಹಿಮ್ಮೇಳ ಅವಳ ಬೆನ್ನನ್ನು ನೋಡುತ್ತಿರಲಿ.

ನೀನು ಹೇಳಿದ ತಂಡ ಟ್ರ್ಯಾಕ್ ಬಿಡಲು ಒಪ್ಪದಿದ್ದರೆ ಈ ಒಂದು ಹಾಡಿಗಾದರೂ ಒಂದು ಹಾರ್ಮೋನಿಯಂ, ಒಂದು ಮದ್ದಳೆ ಕೇಳು. ನುಡಿಸುವವರನ್ನು ಒಪ್ಪಿಸುವ ಜವಾಬ್ದಾರಿ ನನ್ನದು. ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ ನಾಳೆಯೇ ಅಂಚೆಗೆ ಹಾಕುತ್ತೇನೆ. ತಿದ್ದಿದ ಮೂರನೆಯ ದೃಶ್ಯವನ್ನು ತೆಗೆದುಕೊಂಡು ಮನೆಗೆ ಬಾ, ಇಬ್ಬರೂ ಕೂತು ಹಾಡಿ ನೋಡೋಣ.

ಇಂತು,
ನಿನ್ನ ಅಕ್ಕ